ನೆರಳಲ್ಲಿ ಕೂತ ಹಕ್ಕಿಯನ್ನು ಎಬ್ಬಿಸಬೇಡಿ

(ರೂಪನಗುಡಿಯಲ್ಲಿ ಜುಮಾ ನಮಾಝಿಗೆ ಮುನ್ನ ನೀಡಿದ ಪ್ರವಚನದ ಬರಹರೂಪ)

ಎಲ್ಲ ಸ್ತುತಿಯೂ ನಮ್ಮನ್ನೂ ನಮ್ಮ ಸುತ್ತಲಿನ ಸಕಲ ಜೀವಿಗಳನ್ನೂ ಸೃಷ್ಟಿಸಿ, ಅವುಗಳ ಅನ್ನದ ಹೊಣೆ ಹೊತ್ತಿರುವ ಅಲ್ಲಾಹನಿಗೆ ಸಲ್ಲುತ್ತದೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಇಂದಿನ ವಿಷಯ ಕೆಲವರಿಗೆ ಬಹಳ ಸಣ್ಣದು ಎನಿಸಬಹುದು. ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಕೆರೆ ದಂಡೆಯಲ್ಲಿ, ಮಸೀದಿಯ ಅಂಗಳದಲ್ಲಿ ಹಕ್ಕಿಗಳು ಕಾಳು ಹೆಕ್ಕುತ್ತಾ ಕೂತಿರುತ್ತವೆ. ಮಕ್ಕಳು ಅದನ್ನು ನೋಡಿದ ಕೂಡಲೇ ಕೈ ಚಾಚಿ, ಕೂಗುತ್ತಾ ಅವುಗಳ ಮೇಲೆ ಓಡುತ್ತಾರೆ. ಹಕ್ಕಿಗಳೆಲ್ಲ ಒಮ್ಮೆಲೇ ಹಾರುತ್ತವೆ, ಮಕ್ಕಳು ನಗುತ್ತಾರೆ. ಇದನ್ನು ಬಿಡಬೇಕೆ, ತಡೆಯಬೇಕೆ? ಈ ಪ್ರಶ್ನೆಯನ್ನು ಜಮಾಅತಿನವರು ನನ್ನ ಮುಂದೆ ಇಟ್ಟಿದ್ದಾರೆ. ಪಾರಿವಾಳಗಳನ್ನು ಅಟ್ಟುತ್ತಿದ್ದ ಮಗುವಿಗೆ ಹಿರಿಯರೊಬ್ಬರು ಗದರಿದ್ದಾರೆ. ಮಗುವಿನ ತಂದೆಗೆ ಅದು ಬೇಸರವಾಗಿದೆ. ‘ಮಕ್ಕಳಲ್ಲವೇ, ಆಡಲಿ ಬಿಡಿ, ಹಕ್ಕಿಗೇನು, ಹಾರಿಹೋಗುತ್ತದೆ’ ಎಂಬುದು ಒಬ್ಬರ ಮಾತು. ‘ಮೂಕ ಜೀವಿಯನ್ನು ಕಾಡುವುದು ಪಾಪ’ ಎಂಬುದು ಇನ್ನೊಬ್ಬರ ಮಾತು.

ಈ ಎರಡೂ ಮಾತುಗಳಲ್ಲಿ ಸ್ವಲ್ಪ ಸತ್ಯವಿದೆ. ಆದರೆ ನಮ್ಮ ಅಭಿರುಚಿಯಿಂದ ಒಂದು ವಸ್ತು ಹಲಾಲ್ ಅಥವಾ ಹರಾಮ್ ಆಗುವುದಿಲ್ಲ. ಅಲ್ಲಾಹನೂ ಅವನ ಸಂದೇಶವಾಹಕರೂ(ಸ) ಏನು ಕಲಿಸಿದ್ದಾರೆಂದು ನೋಡೋಣ.

ಮಗು ಮತ್ತು ಅದರ ಪುಟ್ಟ ಹಕ್ಕಿ

ಮೊದಲಿಗೆ ಮಕ್ಕಳ ಪರವಾದ ಮಾತು. ಹಝ್ರತ್ ಅನಸ್(ರ)ರಿಗೆ ಒಬ್ಬ ಪುಟ್ಟ ತಮ್ಮನಿದ್ದ. ಆತನನ್ನು ಅಬೂ ಉಮೈರ್ ಎಂದು ಕರೆಯುತ್ತಿದ್ದರು. ಹಾಲು ಬಿಟ್ಟಷ್ಟೇ ವಯಸ್ಸು. ಅವನ ಬಳಿ ಆಡಲು ಒಂದು ಪುಟ್ಟ ಹಕ್ಕಿಯಿತ್ತು. ಪ್ರವಾದಿವರ್ಯರು(ಸ) ಆ ಮನೆಗೆ ಬಂದಾಗಲೆಲ್ಲ ಅವನೊಡನೆ ವಿನೋದವಾಗಿ ಮಾತಾಡುತ್ತಿದ್ದರು. ಒಂದು ದಿನ ಹಕ್ಕಿ ಸತ್ತು ಮಗು ಸಪ್ಪೆ ಮುಖ ಮಾಡಿಕೊಂಡಿತ್ತು. ಆಗ ಪ್ರವಾದಿಯವರು(ಸ) ಅವನ ಹೆಸರಿಗೆ ಪ್ರಾಸ ಕೂಡುವಂತೆ, ನಿನ್ನ ಪುಟ್ಟ ಹಕ್ಕಿಗೆ ಏನಾಯಿತಪ್ಪಾ ಎಂದು ಅಕ್ಕರೆಯಿಂದ ವಿಚಾರಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ಈ ಹದೀಸ್ ಇದೆ. ಇಬ್ನುಲ್ ಕಾಸ್ಸ್ ಎಂಬ ಶಾಫಿಈ ವಿದ್ವಾಂಸರು ಈ ಒಂದೇ ಪುಟ್ಟ ಹದೀಸಿನಿಂದ 60 ಪಾಠಗಳನ್ನು ತೆಗೆದು ಒಂದು ಪುಸ್ತಕವನ್ನೇ ಬರೆದರು.

ಇಲ್ಲಿ ನಮಗೆ ಬೇಕಾದ ಪಾಠ ಎರಡು. ಮಕ್ಕಳು ಹಕ್ಕಿಯೊಡನೆ ಆಡುವುದನ್ನು ಪ್ರವಾದಿಯವರು(ಸ) ತಡೆಯಲಿಲ್ಲ. ಹಕ್ಕಿಯನ್ನು ಕಂಡರೆ ಮಕ್ಕಳಿಗೆ ಖುಷಿಯಾಗುವುದು ಸಹಜ. ಎರಡನೆಯದು, ಮದೀನಾದ ಇಡೀ ಆಡಳಿತದ ಭಾರ ಹೊತ್ತಿದ್ದ ಆ ಮಹಾನುಭಾವರು ಒಂದು ಹಕ್ಕಿಯ ಸಾವನ್ನು ಮಗುವಿನ ಜೊತೆ ಕೂತು ವಿಚಾರಿಸುವಷ್ಟು ದೊಡ್ಡ ವಿಷಯವೆಂದು ತಿಳಿದರು. ‘ಹಕ್ಕಿ ತಾನೇ’ ಎನ್ನಲಿಲ್ಲ. ‘ಮಗು ತಾನೇ’ ಎಂದೂ ಅನ್ನಲಿಲ್ಲ. ಹಾಗೆಯೇ, ಈ ಹದೀಸನ್ನು ವಿವರಿಸಿದ ವಿದ್ವಾಂಸರು ಒಂದು ಷರತ್ತನ್ನೂ ಹೇಳಿದ್ದಾರೆ. ಮಗು ಹಕ್ಕಿಯೊಡನೆ ಆಡಬಹುದು, ಹಕ್ಕಿಗೆ ಹಿಂಸೆಯಾಗಬಾರದು.

ಹೆದರಿಕೆಯೂ ನೋವೇ

‘ಹಿಂಸೆ ಎಲ್ಲಿದೆ? ಕಲ್ಲು ಹೊಡೆಯಲಿಲ್ಲ, ಹಿಡಿಯಲಿಲ್ಲ, ಬರೀ ಓಡಿಸಿದರು’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಮಕ್ಕಾದಲ್ಲಿ ಸಿಗುತ್ತದೆ.

ಹಿಜರಿ 8ರಲ್ಲಿ ಮಕ್ಕಾ ವಿಜಯವಾದಾಗ ಪ್ರವಾದಿಯವರು(ಸ) ಹರಮ್‌ನ ಪಾವಿತ್ರ್ಯವನ್ನು ಘೋಷಿಸಿದರು. ಅಲ್ಲಿನ ಮುಳ್ಳುಗಿಡವನ್ನೂ ಕಡಿಯಬಾರದು, ಬಿದ್ದ ವಸ್ತುವನ್ನು ವಾರಸುದಾರರನ್ನು ಹುಡುಕುವ ಉದ್ದೇಶವಿಲ್ಲದೆ ಎತ್ತಿಕೊಳ್ಳಬಾರದು ಎಂದರು. ಅದರ ಜೊತೆಗೇ, ಅಲ್ಲಿನ ಬೇಟೆಯ ಜೀವಿಗಳನ್ನು ಬೆದರಿಸಿ ಓಡಿಸಲೂ ಬಾರದು ಎಂದರು. ಕೊಲ್ಲಬಾರದು ಎಂದಷ್ಟೇ ಹೇಳಿ ನಿಲ್ಲಿಸಲಿಲ್ಲ, ಬೆದರಿಸಬಾರದು ಎಂದೂ ಸೇರಿಸಿದರು. ಹಝ್ರತ್ ಇಬ್ನು ಅಬ್ಬಾಸ್(ರ)ರ ಶಿಷ್ಯರಾದ ಇಕ್ರಿಮಾ ಅವರು ಇದರ ಅರ್ಥವನ್ನು ವಿವರಿಸಿದ್ದು ಬುಖಾರಿಯಲ್ಲಿದೆ. ಬೆದರಿಸುವುದೆಂದರೆ, ನೆರಳಲ್ಲಿ ಕೂತಿರುವ ಜೀವಿಯನ್ನು ಎಬ್ಬಿಸಿ ಆ ಜಾಗದಲ್ಲಿ ನೀನು ಕೂರುವುದು ಎಂದು ಅವರು ಹೇಳಿದರು.

ಯೋಚಿಸಿ ಸಹೋದರರೇ. ರಕ್ತ ಹರಿಯಲಿಲ್ಲ, ಒಂದು ಗರಿಯೂ ಉದುರಲಿಲ್ಲ. ಒಂದು ಜೀವಿ ತನ್ನ ನೆರಳಿನಿಂದ ಬಿಸಿಲಿಗೆ ಎದ್ದುಹೋಯಿತು, ಅಷ್ಟೇ. ಅದನ್ನೂ ಶರೀಅತ್ ಒಂದು ನಷ್ಟವೆಂದು ಲೆಕ್ಕಕ್ಕೆ ಹಿಡಿದಿದೆ. ಹಝ್ರತ್ ಅಬೂ ಹುರೈರಾ(ರ) ಅವರು ಮದೀನಾದಲ್ಲಿ ಜಿಂಕೆಗಳು ಮೇಯುವುದನ್ನು ಕಂಡರೂ ತಾನು ಅವುಗಳನ್ನು ಬೆದರಿಸುವುದಿಲ್ಲ ಎಂದಿದ್ದರು.

ಈ ಕಾನೂನು ಹರಮ್‌ಗೆ ಸಂಬಂಧಿಸಿದ್ದು ಎಂಬುದನ್ನು ನಾನು ಸ್ಪಷ್ಟವಾಗಿ ಹೇಳುತ್ತೇನೆ. ರೂಪನಗುಡಿಯ ಬಸ್ ನಿಲ್ದಾಣಕ್ಕೆ ಹರಮ್‌ನ ಕಾನೂನು ಅನ್ವಯಿಸುವುದಿಲ್ಲ. ಆದರೆ ಅಲ್ಲಾಹನು ತನ್ನ ಮನೆಯ ಸುತ್ತ ಯಾವ ಬಗೆಯ ಶಾಂತಿಯನ್ನು ಇಷ್ಟಪಟ್ಟನು ಎಂಬುದು ಇದರಿಂದ ನಮಗೆ ತಿಳಿಯುತ್ತದೆ. ಹಜ್ಜ್, ಉಮ್ರಾ ಮುಗಿಸಿ ಬಂದವರು ಅಲ್ಲಿನ ಪಾರಿವಾಳಗಳ ಬಗ್ಗೆ ಮನೆಯಲ್ಲಿ ಹೇಳದೇ ಇರುವುದಿಲ್ಲ. ಲಕ್ಷಾಂತರ ಜನರ ಕಾಲಬುಡದಲ್ಲೇ ಅವು ನಿರ್ಭಯವಾಗಿ ಕಾಳು ತಿನ್ನುತ್ತವೆ. ಅದು ಹಕ್ಕಿಯ ಸ್ವಭಾವದಿಂದಷ್ಟೇ ಬಂದದ್ದಲ್ಲ, ತಲೆಮಾರುಗಳಿಂದ ಯಾರೂ ಅವುಗಳ ಮೇಲೆ ಕೈ ಎತ್ತದ್ದರಿಂದ ಬಂದದ್ದು. ಅಲ್ಲಿ ಆ ಪಾರಿವಾಳಗಳನ್ನು ನೋಡಿ ಕಣ್ಣೀರು ತುಂಬಿಕೊಂಡವರು ಊರಿಗೆ ಬಂದು ಇಲ್ಲಿನ ಪಾರಿವಾಳದ ಮೇಲೆ ಮೊಮ್ಮಗನನ್ನು ಓಡಿಸಿ ನಕ್ಕರೆ, ಅಲ್ಲಿಂದ ಏನನ್ನು ತಂದಂತಾಯಿತು?

ಇನ್ನೊಂದು ಹದೀಸ್ ಅಬೂ ದಾವೂದ್‌ನಲ್ಲಿದೆ. ಒಂದು ಪ್ರಯಾಣದಲ್ಲಿ ಕೆಲವು ಸಹಾಬಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಪ್ರವಾದಿಯವರು(ಸ) ಬಂದು ಅದನ್ನು ಕಂಡು, ಮರಿಗಳ ವಿಷಯದಲ್ಲಿ ಇದಕ್ಕೆ ಸಂಕಟ ಕೊಟ್ಟವರು ಯಾರು ಎಂದು ಕೇಳಿ, ಮರಿಗಳನ್ನು ಅದಕ್ಕೆ ಮರಳಿಸಲು ಆಜ್ಞಾಪಿಸಿದರು. ಮರಿಗಳಿಗೆ ಏಟಾಗಿತ್ತೆ ಎಂದು ಅವರು ವಿಚಾರಿಸಲಿಲ್ಲ. ತಾಯಿಯ ಸಂಕಟವೇ ಅವರಿಗೆ ಸಾಕಾಯಿತು.

ಅವೂ ಒಂದು ಸಮುದಾಯ

ಭೂಮಿಯ ಮೇಲೆ ನಡೆದಾಡುವ ಪ್ರಾಣಿಗಳೂ ರೆಕ್ಕೆಯ ಬಲದಿಂದ ಹಾರುವ ಹಕ್ಕಿಗಳೂ ನಮ್ಮ ಹಾಗೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನ್‌ನ ಅಲ್ ಅನ್‌ಆಮ್ ಅಧ್ಯಾಯದ 38ನೇ ಸೂಕ್ತ ತಿಳಿಸುತ್ತದೆ. ಅನ್ನೂರ್ ಅಧ್ಯಾಯದ 41ನೇ ಸೂಕ್ತದಲ್ಲಿ, ರೆಕ್ಕೆ ಬಿಚ್ಚಿ ಹಾರುವ ಹಕ್ಕಿಗಳು ಅಲ್ಲಾಹನ ಕೀರ್ತನೆ ಮಾಡುತ್ತವೆ, ಪ್ರತಿಯೊಂದಕ್ಕೂ ತನ್ನ ಆರಾಧನೆಯ ವಿಧಾನ ಗೊತ್ತಿದೆ ಎಂದಿದೆ. ಆದಮರ ಮಗನಿಗೆ ತಮ್ಮನ ಶವವನ್ನು ಮಣ್ಣು ಮಾಡಲು ಕಲಿಸಿದ್ದು ಒಂದು ಕಾಗೆ. ಹಝ್ರತ್ ಸುಲೈಮಾನ್(ಅ)ರಿಗೆ ಸಬಾ ದೇಶದ ಸುದ್ದಿ ತಂದದ್ದು ಹುದ್‌ಹುದ್ ಹಕ್ಕಿ. ನಾವು ‘ಹುಶ್’ ಎಂದು ಓಡಿಸುವ ಜೀವಿಗಳಿಗೆ ಅಲ್ಲಾಹನ ಗ್ರಂಥದಲ್ಲಿ ಇಷ್ಟು ಗೌರವವಿದೆ.

ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಗೂಡು ಬಿಟ್ಟು ಸಂಜೆ ಹೊಟ್ಟೆ ತುಂಬಿಸಿಕೊಂಡು ಮರಳುವ ಹಕ್ಕಿಯನ್ನು ಪ್ರವಾದಿಯವರು(ಸ) ಅಲ್ಲಾಹನ ಮೇಲಿನ ಭರವಸೆಗೆ ಉದಾಹರಣೆಯಾಗಿ ಕೊಟ್ಟರು. ಈ ಹದೀಸ್ ತಿರ್ಮಿದಿಯಲ್ಲಿದೆ. ಹಕ್ಕಿ ಗೂಡಿನಲ್ಲಿ ಕೂತು ಕಾಯಲಿಲ್ಲ, ಹೊರಗೆ ಬಂತು. ಸಂತೆಯ ನೆಲದಲ್ಲಿ ಕಾಳು ಹೆಕ್ಕುವ ಗುಬ್ಬಿ ಅಂದಿನ ಕೂಲಿಗೆ ಬಂದಿದೆ. ನಮ್ಮಲ್ಲಿ ಕೂಲಿಗೆ ಹೋಗುವವರು ಎಷ್ಟೋ ಮಂದಿ ಇದ್ದೀರಿ. ಬುತ್ತಿ ಬಿಚ್ಚಿ ಕೂತಾಗ ಯಾರಾದರೂ ಹತ್ತು ಸಲ ಬಂದು ಎಬ್ಬಿಸಿದರೆ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಬಳ್ಳಾರಿಯ ಬೇಸಿಗೆ ನಿಮಗೆ ಗೊತ್ತು. 40 ಡಿಗ್ರಿ ದಾಟುವ ದಿನಗಳಲ್ಲಿ ಹಕ್ಕಿಗಳು ಬಾಯಿ ತೆರೆದು ಏದುಸಿರು ಬಿಡುತ್ತಾ ನಳದ ಕೆಳಗೆ, ವುಝೂ ಮಾಡಿದ ನೀರು ನಿಂತ ಕಡೆ ಬಂದು ಕೂರುತ್ತವೆ. ಆಗ ಒಂದು ಸಲ ಹಾರುವುದಕ್ಕೂ ಅವು ಮೈಯ ನೀರನ್ನೂ ಶಕ್ತಿಯನ್ನೂ ಖರ್ಚು ಮಾಡಬೇಕು. ಮೊಟ್ಟೆಯ ಮೇಲೆ ಕೂತ ಹಕ್ಕಿಯನ್ನು ಎಬ್ಬಿಸಿದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ, ಕಾಗೆಗೆ ಕಾಣುತ್ತದೆ. ‘ಹಾರಿಹೋಗುತ್ತದೆ, ಏನಾಗುತ್ತದೆ’ ಎಂಬ ಮಾತು ಎಲ್ಲ ಸಂದರ್ಭಕ್ಕೂ ಸರಿಯಲ್ಲ.

ಕಲ್ಲು, ರಬ್ಬರ್ ಬಿಲ್ಲು

ಓಡಿಸುವ ಆಟ ಓಡಿಸುವುದರಲ್ಲೇ ನಿಲ್ಲುವುದಿಲ್ಲ. ಇಂದು ಕೈ ಚಾಚಿ ಓಡಿದ ಹುಡುಗ ನಾಳೆ ಹರಳು ಎತ್ತಿಕೊಳ್ಳುತ್ತಾನೆ, ನಾಡಿದ್ದು ಕವೆಗೋಲಿಗೆ ರಬ್ಬರ್ ಕಟ್ಟುತ್ತಾನೆ. ಇಲ್ಲಿ ಶರೀಅತ್ತಿನ ಮಾತು ಬಹಳ ಖಚಿತವಾಗಿದೆ.

ಹಝ್ರತ್ ಅಬ್ದುಲ್ಲಾ ಬಿನ್ ಮುಗಫ್ಫಲ್(ರ) ಅವರು, ಒಬ್ಬ ವ್ಯಕ್ತಿ ಬೆರಳ ಸಂದಿನಿಂದ ಹರಳು ಚಿಮ್ಮಿಸುತ್ತಿರುವುದನ್ನು ಕಂಡು ತಡೆದರು. ಪ್ರವಾದಿಯವರು(ಸ) ಇದನ್ನು ನಿಷೇಧಿಸಿದ್ದಾರೆ, ಇದರಿಂದ ಬೇಟೆಯೂ ಆಗುವುದಿಲ್ಲ, ಶತ್ರುವಿಗೆ ಪೆಟ್ಟೂ ಆಗುವುದಿಲ್ಲ, ಯಾರದೋ ಹಲ್ಲು ಮುರಿಯುತ್ತದೆ, ಕಣ್ಣು ಹೋಗುತ್ತದೆ ಎಂದು ತಿಳಿಸಿದರು. ಆಮೇಲೂ ಆ ವ್ಯಕ್ತಿ ಬಿಡದೇ ಇದ್ದಾಗ ಅವನೊಡನೆ ಮಾತನ್ನೇ ನಿಲ್ಲಿಸಿದರು. ರಸ್ತೆಯಲ್ಲಿ, ಶಾಲೆಯ ಬಯಲಿನಲ್ಲಿ ಕಲ್ಲು ಬೀಸುವ ಮಕ್ಕಳ ತಂದೆತಾಯಿ ಈ ಹದೀಸನ್ನು ನೆನಪಿಡಬೇಕು. ಹಕ್ಕಿಗೆ ಗುರಿಯಿಟ್ಟ ಕಲ್ಲು ಹಕ್ಕಿಗೇ ತಗಲುತ್ತದೆ ಎಂಬ ಭರವಸೆಯಿಲ್ಲ. ದಾರಿಹೋಕರ ತಲೆಗೋ ಇನ್ನೊಂದು ಮಗುವಿನ ಕಣ್ಣಿಗೋ ಬೀಳಬಹುದು.

ಹಝ್ರತ್ ಅಬ್ದುಲ್ಲಾ ಬಿನ್ ಉಮರ್(ರ) ಒಮ್ಮೆ ಹೋಗುತ್ತಿದ್ದಾಗ ಕುರೈಶ್ ಯುವಕರು ಒಂದು ಹಕ್ಕಿಯನ್ನು ಕಟ್ಟಿ ಬಾಣದ ಗುರಿ ಮಾಡಿಕೊಂಡಿದ್ದರು. ಇವರನ್ನು ಕಂಡ ಕೂಡಲೇ ಅವರು ಚದುರಿದರು. ಜೀವವಿರುವುದನ್ನು ಆಟಕ್ಕೆ ಗುರಿ ಮಾಡಿದವನನ್ನು ಪ್ರವಾದಿಯವರು(ಸ) ಶಪಿಸಿದ್ದಾರೆಂದು ಅವರು ಎಚ್ಚರಿಸಿದರು. ಮುಸ್ಲಿಮ್‌ನಲ್ಲಿ ಈ ಘಟನೆ ದಾಖಲಾಗಿದೆ. ಅವರು ದೊಡ್ಡ ಮನೆತನಗಳ ಮಕ್ಕಳು. ‘ಯಾರ ಮಕ್ಕಳೋ, ನಮಗೇಕೆ’ ಎಂದು ಇಬ್ನು ಉಮರ್(ರ) ಮುಂದೆ ಹೋಗಲಿಲ್ಲ. ಅಗತ್ಯವಿಲ್ಲದೆ ಸುಮ್ಮನೆ ಕೊಂದ ಗುಬ್ಬಿ ಅಂತ್ಯದಿನದಲ್ಲಿ ಅಲ್ಲಾಹನ ಮುಂದೆ ದೂರು ಕೊಡುತ್ತದೆ ಎಂಬ ಹದೀಸ್ ನಸಾಈಯಲ್ಲಿದೆ. ಹೀಗಾಗಿ ಕಲ್ಲು, ರಬ್ಬರ್ ಬಿಲ್ಲು, ಕಾಲಿಗೆ ದಾರ ಕಟ್ಟಿ ಹಾರಿಸುವುದು, ಗೂಡಿಗೆ ಕೈ ಹಾಕುವುದು, ಇವುಗಳಲ್ಲಿ ‘ಮಕ್ಕಳಲ್ಲವೇ’ ಎಂಬ ಸಡಿಲಿಕೆ ಬೇಡ. ದೇಶದ ಕಾನೂನಿನಲ್ಲೂ ಇದಕ್ಕೆ ಜಾಗವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬ ಪದದ ಅರ್ಥದಲ್ಲಿ ಕಾಡುಹಕ್ಕಿಗಳ ಗೂಡು, ಮೊಟ್ಟೆಗಳನ್ನು ಕೆದಕುವುದನ್ನೂ ಸೇರಿಸಿದೆ. ಗಿಳಿಯನ್ನು ಹಿಡಿದು ಪಂಜರದಲ್ಲಿಡುವುದೂ ಅಪರಾಧ.

ಹೊಲ ಕಾಯುವುದು ಬೇರೆ

‘ಹಾಗಾದರೆ ನಾವು ಜೋಳದ ಹೊಲದಲ್ಲಿ ಹಕ್ಕಿ ಓಡಿಸಬಾರದೇ?’ ಎಂದು ರೈತ ಸಹೋದರರು ಕೇಳಬಹುದು. ಓಡಿಸಬಹುದು. ನಮ್ಮ ಹಿರಿಯರು ಜೋಳ ಹಾಲುಗಾಳು ಕಟ್ಟಿದಾಗಿನಿಂದ ಸೀತನಿ ತಿನ್ನುವ ದಿನಗಳವರೆಗೆ ಹೊಲದಲ್ಲಿ ಅಟ್ಟಣೆ ಕಟ್ಟಿ, ಡಬ್ಬಿ ಬಡಿದು, ಕವಣೆ ಬೀಸಿ ತೆನೆ ಕಾಯ್ದವರು. ಬೆಳೆ ಒಂದು ಕುಟುಂಬದ ವರ್ಷದ ಅನ್ನ. ಅದನ್ನು ಕಾಪಾಡಿಕೊಳ್ಳುವುದು ಹಕ್ಕು. ಇದೇ ಕಾರಣಕ್ಕೆ, ಅಡುಗೆಮನೆಗೆ ನುಗ್ಗಿದ ಕಾಗೆಯನ್ನು ಓಡಿಸುವುದಕ್ಕೂ ತಪ್ಪಿಲ್ಲ. ಆದರೆ ಅಲ್ಲಿಯೂ ಓಡಿಸುವಷ್ಟೇ ಕೆಲಸ. ವಿಷವಿಟ್ಟು ಹಿಂಡುಗಟ್ಟಲೆ ಕೊಲ್ಲುವುದು ಹೊಲ ಕಾಯುವುದಲ್ಲ.

ಆ ಹಿರಿಯರಿಗೂ ತೆನೆ ತಿಂದ ಹಕ್ಕಿಯ ಮೇಲೆ ದ್ವೇಷವಿರಲಿಲ್ಲ. ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಅಥವಾ ಬಿತ್ತಿದ ಬೆಳೆಯಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ಸದಕಾ ಆಗುತ್ತದೆ ಎಂದು ಪ್ರವಾದಿಯವರು(ಸ) ತಿಳಿಸಿದ್ದಾರೆ. ಎಷ್ಟು ಕಾಯ್ದರೂ ಹಕ್ಕಿ ತಿಂದುಹೋದ ಕಾಳು ರೈತನ ಲೆಕ್ಕದಲ್ಲಿ ಕಳೆದುಹೋಗುವುದಿಲ್ಲ.

ಆದ್ದರಿಂದ ವ್ಯತ್ಯಾಸ ಇಷ್ಟು. ಹೊಲದಲ್ಲಿ ಓಡಿಸುವವನಿಗೆ ಒಂದು ಅಗತ್ಯವಿದೆ. ಬಸ್ ನಿಲ್ದಾಣದಲ್ಲಿ ಓಡಿಸುವವನಿಗೆ ಇನ್ನೊಂದು ಜೀವದ ಹೆದರಿಕೆಯೇ ಆಟ. ಮಗುವಿಗೆ ನಾವು ತಪ್ಪಿಸಬೇಕಾದದ್ದು ಈ ಎರಡನೆಯದನ್ನು. ತನಗಿಂತ ಚಿಕ್ಕದು ಹೆದರಿ ಓಡುವುದನ್ನು ನೋಡಿ ಖುಷಿಪಡುವ ಅಭ್ಯಾಸ ಹಕ್ಕಿಯಲ್ಲಿ ಶುರುವಾದರೂ ಹಕ್ಕಿಯಲ್ಲೇ ಮುಗಿಯುವುದಿಲ್ಲ. ಅದು ಬೀದಿನಾಯಿಗೆ ಬರುತ್ತದೆ, ತರಗತಿಯ ಬಡಕಲು ಹುಡುಗನಿಗೆ ಬರುತ್ತದೆ, ಮುಂದೆ ಮನೆಯ ಹೆಂಡತಿ ಮಕ್ಕಳಿಗೂ ಬರಬಹುದು.

ನಮ್ಮ ಸೀಮೆಯ ಹಕ್ಕಿಗಳು

ಹಕ್ಕಿಯ ಮಾತು ಬಂದಾಗ ನಮ್ಮ ಜಿಲ್ಲೆಗೆ ವಿಶೇಷ ಹೊಣೆಯಿದೆ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ದೊಡ್ಡ ಹಕ್ಕಿ ಇಡೀ ದೇಶದಲ್ಲಿ ಅಳಿವಿನ ಅಂಚಿಗೆ ಬಂದಿದೆ. ಕರ್ನಾಟಕದಲ್ಲಿ ಅದು ಕಂಡುಬರುವ ಜಾಗವೆಂದರೆ ನಮ್ಮ ಸಿರುಗುಪ್ಪ ತಾಲ್ಲೂಕಿನ ಬಯಲು. ಅದು ಗೂಡು ಕಟ್ಟುವುದಿಲ್ಲ, ಬಯಲು ನೆಲದಲ್ಲೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಅಂಥ ತಾಯಿಯನ್ನು ಒಮ್ಮೆ ಬೆದರಿಸಿದರೂ ಒಂದು ತಲೆಮಾರೇ ಹೋಗಬಹುದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ 2021ಕ್ಕೆ ಮುಂಚೆ ನಮ್ಮ ಜಿಲ್ಲೆಯಲ್ಲೇ ಇತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ರೈತರ ನೀರಾವರಿಗೆಂದು ಮಾಡಿದ ಆ ಕೆರೆಯ ಜಾಲಿ ಮರಗಳಲ್ಲಿ ಹಕ್ಕಿಗಳು ಗೂಡು ಕಟ್ಟಿ, 2024ರಲ್ಲಿ ಅದು ರಾಮ್ಸರ್ ಎಂಬ ಜಾಗತಿಕ ಪಟ್ಟಿಗೆ ಸೇರಿತು. ಅದೇ ವರ್ಷ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಸೇರಿತು. ಅಲ್ಲಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಅಷ್ಟು ದೂರದಿಂದ ಬಂದ ಮುಸಾಫಿರರನ್ನು ನೀರಿನಿಂದ ಎಬ್ಬಿಸುವುದು ಅತಿಥಿ ಸತ್ಕಾರವೇ?

ಮಕ್ಕಳಿರುವ ಊರಲ್ಲಿ ಹಕ್ಕಿ ಬದುಕುವುದಿಲ್ಲ ಎಂದುಕೊಳ್ಳಬೇಡಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿ ಬೇಲಿಯಿಲ್ಲ. ಕೆಳಗೆ ಮಕ್ಕಳು ಆಡುತ್ತಾರೆ, ಮೇಲೆ ಮರಿಗಳು ಬೆಳೆಯುತ್ತವೆ. ಗೂಡಿನಿಂದ ಬಿದ್ದ ಮರಿಗಳನ್ನು ಊರ ಯುವಕರು ಸಾಕಿ ಬಿಟ್ಟಿದ್ದಾರೆ. ತವರಿಗೆ ಬಾಣಂತನಕ್ಕೆ ಬಂದ ಮಗಳಂತೆ ಊರವರು ಆ ಹಕ್ಕಿಗಳನ್ನು ಕಾಣುತ್ತಾರೆ. ಅವರು ನಮ್ಮ ಧರ್ಮದವರಲ್ಲದಿರಬಹುದು. ಒಳ್ಳೆಯದನ್ನು ಎಲ್ಲಿ ಕಂಡರೂ ಕಲಿಯುವುದು ವಿಶ್ವಾಸಿಯ ಗುಣ.

ನಮ್ಮವರೇ ಒಬ್ಬರ ಉದಾಹರಣೆಯನ್ನೂ ಕೊಡುತ್ತೇನೆ. ಮುಂಬೈಯಲ್ಲಿ 1896ರಲ್ಲಿ ಹುಟ್ಟಿದ ಸಲೀಂ ಅಲಿ ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಮಾವ ಅಮೀರುದ್ದೀನ್ ತಯ್ಯಬ್‌ಜಿಯವರ ಮನೆಯಲ್ಲಿ ಬೆಳೆದರು. ಹುಡುಗನಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಅದರ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಇಂಥ ಗುಬ್ಬಿಯನ್ನು ಮುಸ್ಲಿಮರು ತಿನ್ನಬಹುದೇ ಎಂಬ ಸಂಶಯದಿಂದ ಅದನ್ನು ಮಾವನ ಬಳಿ ಒಯ್ದರು. ಮಾವನಿಗೂ ಗೊತ್ತಾಗಲಿಲ್ಲ. ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿಕೊಟ್ಟರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಅವರು ಹಕ್ಕಿಯ ಹೆಸರು ಹೇಳಿ, ಸಂಗ್ರಹವನ್ನೆಲ್ಲ ತೋರಿಸಿದರು. ಕೊಲ್ಲಲು ಹೊರಟಿದ್ದ ಕೈಗೆ ನೋಡುವ ಕಣ್ಣು ಸಿಕ್ಕಿತು. ಅದೇ ಹುಡುಗ ದೇಶದ ಅತಿ ದೊಡ್ಡ ಪಕ್ಷಿತಜ್ಞರಾದರು, 1976ರಲ್ಲಿ ಪದ್ಮವಿಭೂಷಣ ಪಡೆದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳು 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾದದ್ದು ಅವರ ಸಲಹೆಯಿಂದ. ಒಬ್ಬ ಹಿರಿಯ ‘ಹೋಗು, ಇದೆಲ್ಲ ಯಾಕೆ’ ಎಂದು ಗದರಿದ್ದರೆ ಅಥವಾ ನಕ್ಕು ಸುಮ್ಮನಾಗಿದ್ದರೆ ಇದು ಆಗುತ್ತಿರಲಿಲ್ಲ.

ಹೊಣೆ ಯಾರದು?

ಪ್ರೌಢನಾಗುವ ತನಕ ಮಗುವಿನ ಮೇಲೆ ಲೇಖನಿ ಇಲ್ಲ, ಅಂದರೆ ಪಾಪ ಬರೆಯಲಾಗುವುದಿಲ್ಲ. ಹಕ್ಕಿಯ ಹಿಂದೆ ಓಡಿದ ನಾಲ್ಕು ವರ್ಷದ ಮಗುವನ್ನು ‘ಪಾಪಿ’ ಎನ್ನಲು ನಮಗೆ ಅಧಿಕಾರವಿಲ್ಲ. ಆದರೆ ನಮ್ಮಲ್ಲಿ ಪ್ರತಿಯೊಬ್ಬರೂ ಪಾಲಕರು, ಪಾಲನೆಯ ಬಗ್ಗೆ ಪ್ರತಿಯೊಬ್ಬರನ್ನೂ ಪ್ರಶ್ನಿಸಲಾಗುವುದು ಎಂದು ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ. ಮಗುವಿನ ಲೇಖನಿ ಎತ್ತಿಡಲಾಗಿದೆ, ಅಬ್ಬಾ ಅಮ್ಮಿಯರದ್ದಲ್ಲ.

ಇಂದು ದೊಡ್ಡವರೇ ಮಕ್ಕಳನ್ನು ಹಕ್ಕಿಗಳ ಮೇಲೆ ಓಡಿಸುವುದನ್ನು ನೋಡುತ್ತೇವೆ. ಮೈಸೂರು ಅರಮನೆಯ ಮುಂದೆ, ಮುಂಬೈಯ ಗೇಟ್‌ವೇ ಆಫ್ ಇಂಡಿಯಾದ ಮುಂದೆ ‘ಓಡು, ಓಡು’ ಎಂದು ಮಗುವನ್ನು ದೂಡಿ, ಪಾರಿವಾಳಗಳು ಏಳುವುದನ್ನು ಮೊಬೈಲಿನಲ್ಲಿ ರೀಲ್ ಮಾಡುತ್ತಾರೆ. ಇಲ್ಲಿ ಆಟ ಮಗುವಿನದಲ್ಲ, ತಂದೆಯದು. ಹತ್ತು ಸೆಕೆಂಡಿನ ವಿಡಿಯೋಗಾಗಿ ನೂರು ಜೀವಗಳನ್ನು ಹೆದರಿಸಿದ್ದಕ್ಕೆ ಉತ್ತರ ಕೊಡಬೇಕಾದವರು ದೊಡ್ಡವರೇ. ಸಾರ್ವಜನಿಕ ಸ್ಥಳಕ್ಕೂ ಒಂದು ಹಕ್ಕಿದೆ. ದಾರಿಯಲ್ಲಿ ಕೂರುವವರು ದಾರಿಯ ಹಕ್ಕನ್ನು ಸಲ್ಲಿಸಬೇಕು, ಯಾರಿಗೂ ತೊಂದರೆ ಕೊಡದಿರುವುದು ಅದರಲ್ಲಿ ಒಂದು ಎಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಗಾಬರಿಯಿಂದ ಎದ್ದ ಹಿಂಡು ವೃದ್ಧರ ಮುಖಕ್ಕೆ ಬಡಿಯಬಹುದು, ಓಡುವ ಮಗು ವಾಹನದ ಕೆಳಗೆ ಹೋಗಬಹುದು.

ತಡೆಯುವುದು ಹೇಗೆ?

ಈಗ ಹಿರಿಯರಿಗೆ ಒಂದು ಮಾತು. ಪಾರಿವಾಳವನ್ನು ಅಟ್ಟಬೇಡ ಎನ್ನುತ್ತಾ ಮಗುವನ್ನು ಮಸೀದಿಯಿಂದ ಅಟ್ಟಬೇಡಿ. ಎಲ್ಲರ ಮುಂದೆ ಕೂಗಿ, ಕಿವಿ ಹಿಂಡಿ ಕಳಿಸಿದ ಮಗು ದಯೆಯನ್ನು ಕಲಿಯುವುದಿಲ್ಲ, ಹೆದರಿಕೆಯನ್ನು ಕಲಿಯುತ್ತದೆ. ಹಝ್ರತ್ ಅನಸ್(ರ) ಹುಡುಗನಾಗಿ ಹತ್ತು ವರ್ಷ ಪ್ರವಾದಿಯವರ(ಸ) ಸೇವೆಯಲ್ಲಿದ್ದರು. ಒಮ್ಮೆಯೂ ಅವರಿಂದ ‘ಛೇ’ ಎಂಬ ಮಾತನ್ನೂ ಕೇಳಲಿಲ್ಲ ಎಂದು ಅವರೇ ಹೇಳಿದ್ದಾರೆ. ಪುಟ್ಟ ಮೊಮ್ಮಗಳು ಉಮಾಮಾರನ್ನು ಎತ್ತಿಕೊಂಡೇ ಪ್ರವಾದಿಯವರು(ಸ) ನಮಾಝ್ ನಿರ್ವಹಿಸಿದ್ದಾರೆ. ಅವರ ಮಸೀದಿಯಲ್ಲಿ ಮಕ್ಕಳಿಗೆ ಜಾಗವಿತ್ತು. ನಮ್ಮ ಮಸೀದಿಯಲ್ಲಿ ಹಕ್ಕಿಗೂ ಮಗುವಿಗೂ ಎರಡಕ್ಕೂ ಜಾಗವಿರಬೇಕು.

ಪ್ರಶ್ನೆಗೆ ನನ್ನ ಉತ್ತರವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಏನೂ ತಿಳಿಯದ ಪುಟ್ಟ ಮಗು ಹಕ್ಕಿಯನ್ನು ಕಂಡು ಓಡಿದರೆ ಅದು ತಪ್ಪಲ್ಲ, ಕೈ ಹಿಡಿದು ನಿಲ್ಲಿಸಿ, ಪಕ್ಕದಲ್ಲಿ ಕೂರಿಸಿ ತೋರಿಸಿ. ತಿಳಿವಳಿಕೆ ಬಂದ ಮಗು ಮತ್ತೆ ಮತ್ತೆ ಆಟಕ್ಕಾಗಿ ಹಕ್ಕಿಯನ್ನು ಕಾಳಿನಿಂದ, ನೀರಿನಿಂದ, ನೆರಳಿನಿಂದ ಎಬ್ಬಿಸುತ್ತಿದ್ದರೆ ತಡೆಯಿರಿ, ಕಾರಣ ಹೇಳಿ ತಡೆಯಿರಿ. ಕಲ್ಲು, ಬಿಲ್ಲು, ದಾರ, ಗೂಡು ಎಂದರೆ ಖಂಡಿತವಾಗಿ ನಿಲ್ಲಿಸಿ. ದೊಡ್ಡವರು ಮಕ್ಕಳಿಂದ ಮಾಡಿಸುತ್ತಿದ್ದರೆ ದೊಡ್ಡವರನ್ನು ತಡೆಯಿರಿ.

ಬರೀ ‘ಬೇಡ’ ಎಂದರೆ ಮಗು ಕಲಿಯುವುದಿಲ್ಲ, ಮಾಡಲು ಏನಾದರೂ ಕೊಡಬೇಕು. ಪ್ರತಿ ಮನೆಯ ಮಾಳಿಗೆಯ ಮೇಲೆ ನೆರಳಿರುವ ಕಡೆ ಒಂದು ಮಣ್ಣಿನ ಬಟ್ಟಲಿಡಿ. ಅದಕ್ಕೆ ದಿನಾ ಬೆಳಿಗ್ಗೆ ಹೊಸ ನೀರು ತುಂಬುವ ಕೆಲಸವನ್ನು ಮನೆಯ ಅತಿ ಚಿಕ್ಕ ಮಗುವಿಗೆ ಒಪ್ಪಿಸಿ. ಬಟ್ಟಲು ಆಳವಿರದಿರಲಿ, ನೀರು ಹಳೆಯದಾಗದಿರಲಿ. ಮಸೀದಿಯಲ್ಲೂ ಜನ ನಡೆಯುವ ದಾರಿ ಮತ್ತು ವುಝೂ ಮಾಡುವ ಜಾಗ ಬಿಟ್ಟು ಒಂದು ಮೂಲೆಯಲ್ಲಿ ನೀರಿಡೋಣ, ಸ್ವಚ್ಛತೆಯೂ ಉಳಿಯಲಿ. ಸದ್ದಿಲ್ಲದೆ ಕೂತರೆ ಹಕ್ಕಿ ಎಷ್ಟು ಹತ್ತಿರ ಬರುತ್ತದೆ ಎಂಬ ಆಟವನ್ನು ಮಕ್ಕಳಿಗೆ ಕಲಿಸಿ. ಓಡಿಸುವ ಆಟದಲ್ಲಿ ಹಕ್ಕಿ ದೂರ ಹೋಗುತ್ತದೆ, ಈ ಆಟದಲ್ಲಿ ಹತ್ತಿರ ಬರುತ್ತದೆ. ಯಾವುದರಲ್ಲಿ ಹೆಚ್ಚು ಖುಷಿಯಿದೆ ಎಂದು ಮಕ್ಕಳೇ ಹೇಳಲಿ. ಬಾಯಾರಿದ ನಾಯಿಗೆ ನೀರು ಕೊಟ್ಟವರ ಪಾಪವನ್ನು ಅಲ್ಲಾಹನು ಕ್ಷಮಿಸಿದ್ದಾನೆ. ಹಸಿಹೊಟ್ಟೆಯ ಪ್ರತಿ ಜೀವಕ್ಕೆ ಮಾಡಿದ ಉಪಕಾರದಲ್ಲೂ ಪುಣ್ಯವಿದೆ ಎಂದು ಪ್ರವಾದಿಯವರು(ಸ) ಭರವಸೆ ಕೊಟ್ಟಿದ್ದಾರೆ.

ಯಾ ಅಲ್ಲಾಹ್, ನಮ್ಮ ಮಕ್ಕಳ ಹೃದಯದಲ್ಲಿ ದಯೆಯನ್ನು ತುಂಬು. ನಮ್ಮ ಕೈಯಿಂದಲೂ ನಾಲಿಗೆಯಿಂದಲೂ ಯಾವ ಜೀವಿಗೂ ಅನ್ಯಾಯವಾಗದಂತೆ ಕಾಪಾಡು. ನಮ್ಮ ಸೀಮೆಗೆ ಕಾಲಕಾಲಕ್ಕೆ ಮಳೆ ಕೊಡು, ನಮ್ಮ ಹೊಲಗಳಲ್ಲಿ ನಮಗೂ ನಿನ್ನ ಇತರ ಜೀವಿಗಳಿಗೂ ಸಾಕಾಗುವ ಬೆಳೆ ಕೊಡು. ನಿನ್ನ ಸೃಷ್ಟಿಗೆ ಕರುಣೆ ತೋರುವವರ ಸಾಲಿನಲ್ಲಿ ನಮ್ಮನ್ನೂ ಸೇರಿಸಿ, ನಿನ್ನ ಕರುಣೆಗೆ ಪಾತ್ರರನ್ನಾಗಿಸು. ಆಮೀನ್.